ಲಾವಂಚದ ಗುಣ

“ಏನ್ ಥಂಡ್ ಹವಾ ಅದ್ರಿ, ಸಾವ್ಕಾರ್ರ!” ನಮ್ಮ ಸೊಲ್ಲಾಪುರದ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿದ ಅತಿಥಿ ಹೊಗಳಿದರು.

“ಎಲ್ಲಾ ಲಾವಂಚದ ತಟ್ಟಿ ಗುಣಾರಿ,” ಎಂದು ಮಾವನವರು ಮೀಸೆ ತಿರುವಿದರು. ಬ್ರಿಟಿಷ್ ಸಾಹೇಬರ ಬಂಗಲೆ ನೋಡಿ ಬಂದು ಬಾಗಿಲಿಗೆ ಕಟ್ಟಿಸಿದ ಬೇರಿನ ತಟ್ಟಿ ಅದು.

ಹೊರಗೆ, ತುಟಿ ಒಡೆಯುವ ಒಣಬಿಸಿಲಿನಲ್ಲಿ, ಬಾವಿಯ ನೀರು ಸೇದಿ ಸೇದಿ ಅದಕ್ಕೆ ಎರಚುತ್ತಿದ್ದವಳು ಸೊಸೆಯಾದ ನಾನು. ಇಷ್ಟೊಂದು ಗುಣವಂತ ಬೇರಿಗೆ ನನ್ನ ಸೇವೆ ಏಕೆಂದು ಕೊಡ ಇಳಿಸಿ, ಬೇವಿನ ಕೆಳಗೆ ಕುಳಿತೆ. ಅತಿಥಿಯ ಚಹಾ ಮುಗಿಯುವುದರೊಳಗೆ ತಟ್ಟಿ ಒಣಗಿತು. ಒಳಗೆ ಗಂಟಲು ಒಣಗಿ ಇಬ್ಬರೂ ಕೆಮ್ಮತೊಡಗಿದರು.

“ಯವ್ವಾ, ಥಂಡ್ ಹವಾ ಎಲ್ಲಿ ಹೋತು?” ಎಂದು ಮಾವನವರು ಕೂಗಿದರು.

“ನೆಳ್ಳಾಗ ಕುಂತದ್ರಿ!” ಎಂದೆ.

ಇಂದಿಗೂ ಯಾರದಾದರೂ ಮನೆ ತಂಪೆನಿಸಿದರೆ, ಹೊಗಳುವ ಮೊದಲು ಬಾಗಿಲಾಚೆ ಇಣುಕುತ್ತೇನೆ: ಕೊಡ ಯಾರ ಕೈಯಲ್ಲಿದೆ?