ಚಿಕ್ಕಮ್ಮ ಕಲಿತ ಆಯಿಲ್ ಕೆಲಸ

ನನ್ನ ಚಿಕ್ಕಮ್ಮನ ಬಲಗೈ ಹೆಬ್ಬೆರಳಿನ ಉಗುರಿನಂಚಿಗೆ ಒಂದು ಕಪ್ಪು ಗೆರೆ ಕೂತಿತ್ತು. ಹುಣಸೆಹಣ್ಣು, ಬೂದಿ, ಸೋಪಿನ ಪುಡಿ, ಯಾವುದರಲ್ಲಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವರು ಕೇಳುವ ಮೊದಲೇ ಚಿಕ್ಕಮ್ಮ, "ಎಂಜಿನ್ ಆಯಿಲ್ ಕಣಮ್ಮಿ" ಎಂದು ಹೇಳಿ ಅನ್ನ ಕಲಸಿಕೊಳ್ಳುತ್ತಿದ್ದಳು.

ಐವತ್ತೆರಡು ವರ್ಷ ತುಂಬುವವರೆಗೆ ಅವಳು ಕಾರಿನ ಬಾನೆಟ್ ಎತ್ತಿದವಳಲ್ಲ. ಚಾಮರಾಜನಗರದಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಾಗಿನಿಂದ ನಾನು ಅವರ ಮನೆಯಲ್ಲೇ ಇದ್ದೆ. ಕಾರು ಚಿಕ್ಕಪ್ಪನದು. ನನಗೆ ಓಡಿಸಲು ಕಲಿಸಿದವನೂ ಅವನೇ. ಪ್ರತಿ ಸಲ ಹೊಸ ಆಯಿಲ್ ಫಿಲ್ಟರ್ ಹಾಕಿಸುವಾಗ ಮೊಳೆಯಿಂದ ಅದರ ಮೇಲೆ ತಾರೀಕು ಗೀಚುವುದು ಅವನ ರೂಢಿ. ನಮ್ಮ ಬೀದಿಯ ಕೊನೆಯಲ್ಲಿ ಅವನ ಗೆಳೆಯನ ಗ್ಯಾರೇಜಿತ್ತು. ಒಂದು ಟೀಯನ್ನು ಇಬ್ಬರೂ ಹಂಚಿಕೊಂಡು ಕುಡಿಯುವಷ್ಟು ಸ್ನೇಹ. ಎರಡು ವರ್ಷದ ಹಿಂದೆ ಮಂಡಿನೋವು ಶುರುವಾದ ಮೇಲೆ ಚಿಕ್ಕಪ್ಪ ಅಲ್ಲಿ ನಿಂತು ನೋಡುವುದನ್ನು ಬಿಟ್ಟು, ಬೀಗದಕೈ ಕೊಟ್ಟು ಬರುತ್ತಿದ್ದ.

ಪುಣಜನೂರಿನ ನೆಂಟರ ಮನೆಗೆ ಹೋಗಿದ್ದ ಮಧ್ಯಾಹ್ನ ಚಿಕ್ಕಪ್ಪನಿಗೆ ಎದೆನೋವು ಬಂತು. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ಚಿಕ್ಕಮ್ಮನ ಮಡಿಲಲ್ಲಿಟ್ಟು, ನಾನು ಕಾರು ಹೊರಡಿಸಿದೆ. ಸ್ವಲ್ಪ ದೂರಕ್ಕೇ ಮೀಟರಿನಲ್ಲಿ ಆಯಿಲ್ಲಿನ ಕೆಂಪು ದೀಪ ಹತ್ತಿತು. ನಾನು ನಿಧಾನ ಮಾಡಿದಾಗ ಚಿಕ್ಕಪ್ಪ, "ಆಯಿಲ್ ಹಾಕ್ಸಿ ಹದಿನೈದೇ ದಿನ ಆಯ್ತು. ಓಡ್ಸು ಕಣಮ್ಮಿ, ಏನೂ ಆಗಲ್ಲ" ಎಂದ. ಗೆಳೆಯನ ಮೇಲೆ ಅಷ್ಟು ನಂಬಿಕೆ. ಇನ್ನೆರಡು ತಿರುವು ದಾಟುವಷ್ಟರಲ್ಲಿ ಎಂಜಿನ್ ಕಲ್ಲು ಅರೆದ ಹಾಗೆ ಸದ್ದು ಮಾಡಿ ನಿಂತುಬಿಟ್ಟಿತು. ಎರಡೂ ಕಡೆ ಕಾಡು, ಫೋನಿಗೆ ಸಿಗ್ನಲ್ ಇಲ್ಲ. ಟೊಮ್ಯಾಟೊ ತುಂಬಿದ್ದ ಟೆಂಪೊ ಒಂದು ಬಂದು ನಮ್ಮನ್ನು ಹತ್ತಿಸಿಕೊಳ್ಳುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಅರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು" ಎಂದರು.

ತಿಥಿ ಮುಗಿದ ಮೇಲೆ ಕಾರನ್ನು ಗುಂಡ್ಲುಪೇಟೆಯಲ್ಲಿದ್ದ ಒಬ್ಬ ಮುದಿ ಮೆಕ್ಯಾನಿಕ್ ಹತ್ತಿರ ಎಳೆಸಿಕೊಂಡು ಹೋದೆವು. ಕೆಳಗಿನ ಬೋಲ್ಟ್ ಬಿಚ್ಚಿದರೆ ಎಣ್ಣೆ ಸುರಿಯಲಿಲ್ಲ, ಡಾಂಬರಿನ ಹಾಗೆ ಒಂದಿಷ್ಟು ಜೋತುಬಿತ್ತು. ಆತ ಫಿಲ್ಟರನ್ನು ಒರೆಸಿ ಚಿಕ್ಕಮ್ಮನ ಕೈಗೆ ಕೊಟ್ಟ. ಅದರ ಮೇಲೆ ಚಿಕ್ಕಪ್ಪನ ಕೈಬರಹದಲ್ಲಿ ಎರಡು ವರ್ಷದ ಹಿಂದಿನ ತಾರೀಕಿತ್ತು. ಗೆಳೆಯ ಅಷ್ಟೂ ದಿನ ದುಡ್ಡು ಈಸಿಕೊಂಡು ಏನನ್ನೂ ಬದಲಿಸಿರಲಿಲ್ಲ.

ಪೊಲೀಸರಿಗೆ ಹೇಳೋಣ ಎಂದೆ ನಾನು.

"ಸ್ಟೇಸನ್ನಲ್ಲಿ ಒಂದಿನ ಕೂತ್ಕಂಡು ಮನೆಗ್ ಬತ್ತಾನೆ" ಎಂದಳು ಚಿಕ್ಕಮ್ಮ. "ಅಷ್ಟಕ್ಕೆ ಬುಡಾಕಿಲ್ಲ ನಾನು." ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿ, "ಈ ಕೆಲ್ಸ ನಂಗೆ ಕಲ್ಸಣ್ಣ" ಎಂದಳು.

ಎಂಜಿನ್ ರಿಪೇರಿಯಾಗುವವರೆಗೆ ಬಸ್ಸಿನಲ್ಲಿ ಹೋಗಿಬಂದು ಕಲಿತಳು. ನಂತರ ಭಾನುವಾರದ ಬೆಳಗ್ಗೆಗಳಲ್ಲಿ, ಆ ಗ್ಯಾರೇಜಿಗೆ ಕಾಣುವ ಹಾಗೆ ಬೀದಿಯಲ್ಲೇ ಗೋಣಿಚೀಲ ಹಾಸಿದಳು. ಸೀರೆಯ ಮೇಲೆ ಚಿಕ್ಕಪ್ಪನ ಅಂಗಿ ತೊಟ್ಟು, ಮರದ ಇಳಿಜಾರಿನ ಮೇಲೆ ಹತ್ತಿಸಿದ ಕಾರಿನಡಿಗೆ ತೂರುತ್ತಿದ್ದಳು. ಬೀದಿಯ ಹೆಂಗಸರು ಮೊದಲು ನಕ್ಕರು, ಆಮೇಲೆ ತಮ್ಮ ಮನೆಯ ಗಾಡಿ ತಂದರು. "ಎಂಜಿನ್ ಒಂದೈದು ನಿಮಿಷ ಓಡ್ಲಿ, ಎಣ್ಣೆ ಬೆಚ್ಚಗಾದ್ರೆ ತಾನೇ ಇಳೀತದೆ. ಹೊಸ ಫಿಲ್ಟರಿನ ರಬ್ಬರಿಗೆ ಎಣ್ಣೆ ಸವರು. ಕೈಲೇ ಬಿಗಿ ಮಾಡು, ಪಾನಾ ಬ್ಯಾಡ." ಇಳಿದ ಎಣ್ಣೆಯನ್ನು ಚರಂಡಿಗೆ ಚೆಲ್ಲಲು ಬಿಡದೆ ಕ್ಯಾನಿಗೆ ತುಂಬಿಸಿ, ಕೊಳ್ಳುವವರಿಗೆ ಕಳಿಸುತ್ತಿದ್ದಳು. ಕಲಿಯಲಾರದವರಿಗೆ ಒಂದೇ ಮಾತು: "ಎಲ್ಲೇ ಮಾಡ್ಸಿ, ಪಕ್ಕದಲ್ಲಿ ನಿಂತ್ಕಳಿ. ಹಳೇ ಫಿಲ್ಟರ್ನ ಕೈಗೆ ಈಸ್ಕಳಿ."

ವರ್ಷದೊಳಗೆ ಆ ಗ್ಯಾರೇಜಿನ ಮುಂದೆ ಗಾಡಿ ನಿಲ್ಲುವುದು ನಿಂತಿತು. ಅವನು ಒಂದು ದಿನ ನಮ್ಮ ಗೇಟಿನ ಹತ್ತಿರ ಬಂದ.

"ತಪ್ಪಾಯ್ತು ಕಣಕ್ಕ. ಸಾಯ್ತಾನೆ ಅಂತ ಗೊತ್ತಿತ್ತಾ ನಂಗೆ?"

"ಸತ್ತೋದ್ರಲ್ಲ, ಅವ್ರಿಗ್ ಯೋಳು" ಎಂದು ಚಿಕ್ಕಮ್ಮ ಒಳಗೆ ಬಂದು ಸೊಪ್ಪು ಬಿಡಿಸಲು ಕೂತಳು. ಅವಳ ಮುಖದಲ್ಲಿ ತೃಪ್ತಿ ಇತ್ತು. ನನಗೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅವನು ಗುಂಡ್ಲುಪೇಟೆಗೆ ಹೋಗಿ, ಹೆದ್ದಾರಿಯ ಪಕ್ಕದಲ್ಲಿ ಹೊಸ ಗ್ಯಾರೇಜು ತೆರೆದ. ಇನ್ನು ಮುಗಿಯಿತು ಅಂದುಕೊಂಡೆ. ಚಿಕ್ಕಮ್ಮ, "ನಾಳೆ ಗಾಡಿ ತಗಿ, ಓಗನ" ಎಂದಳು.

ಈರುಳ್ಳಿ ಲಾರಿಗಳ ನಡುವೆ ಕಾರು ನಿಲ್ಲಿಸಿ, ಆಯಿಲ್ ಬದಲಿಸು ಎಂದಳು. ಸುತ್ತ ಡ್ರೈವರುಗಳಿದ್ದುದರಿಂದ ಬೇಡವೆನ್ನಲಾಗದೆ ಅವನು ಪಾನಾ ಎತ್ತಿಕೊಂಡ. ಅವನು ಕೆಲಸ ಮಾಡುವಷ್ಟು ಹೊತ್ತೂ ಅವಳು ಒಂದು ಮೊಳ ದೂರದಲ್ಲಿ ನಿಂತಿದ್ದಳು. ಪಾನಾ ಎರಡು ಸಲ ಅವನ ಕೈಯಿಂದ ಜಾರಿತು. ಎಲ್ಲ ಮುಗಿದ ಮೇಲೆ ಚಿಕ್ಕಮ್ಮ ಸೆರಗು ಸಿಕ್ಕಿಸಿ, ತಾನೇ ಕಾರಿನಡಿಗೆ ತೂರಿ ಬೋಲ್ಟ್ ಬಿಚ್ಚಿದಳು. ಜೇನಿನ ಬಣ್ಣದ ಹೊಸ ಎಣ್ಣೆಯೆಲ್ಲ ಅವನ ತಟ್ಟೆಗೆ ಇಳಿಯಿತು.

"ಯಾಕಮ್ಮ, ಹೊಸದಲ್ವಾ ಅದು?" ಎಂದ ಒಬ್ಬ ಡ್ರೈವರು.

"ಒಸದೇ ಕಣಪ್ಪ. ಇವ್ನ ಕೈಲಿ ಉಯ್ದಿದ್ದು ನನ್ ಗಾಡಿಗೆ ಬ್ಯಾಡ." ನಾಲ್ಕೇ ಮಾತಿನಲ್ಲಿ ಗಂಡ ಸತ್ತದ್ದನ್ನು ಹೇಳಿದಳು. ದನಿ ಏರಿಸಲಿಲ್ಲ. ಮನೆಯಿಂದ ತಂದಿದ್ದ ಎಣ್ಣೆ ತುಂಬಿ, ಕಡ್ಡಿ ಎತ್ತಿ ಅಳತೆ ನೋಡಿ, ಕಾರು ಹತ್ತಿದಳು. ನಾವು ಹೊರಡುವ ಮುಂಚೆ ಇಬ್ಬರು ತಮ್ಮ ಗಾಡಿಗಳ ಬೀಗದಕೈ ವಾಪಸು ಕೇಳುತ್ತಿದ್ದರು. ಆ ಗ್ಯಾರೇಜೂ ಬಹಳ ಕಾಲ ಉಳಿಯಲಿಲ್ಲ.

ಹೋದ ವರ್ಷ ಚಿಕ್ಕಮ್ಮ ಹೋದಳು, ಮೂತ್ರಪಿಂಡದ ಕಾಯಿಲೆ. ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ, ಅವನನ್ನು ಕ್ಷಮಿಸಿದ್ದೀಯಾ ಎಂದು ಕೇಳಿದ್ದೆ. "ಇಲ್ಲ ಕಣಮ್ಮಿ. ನಾನ್ ಸತ್ತ ಮ್ಯಾಲೆ ಅವ್ನು ಕೇಳುದ್ರೆ ನೀನೂ ಸುಳ್ಳೇಳ್ಬ್ಯಾಡ" ಎಂದಿದ್ದಳು.

ಅವಳು ಸತ್ತ ಮೂರನೆಯ ದಿನ ಅವನು ಬಂದ. ತುಂಬ ಇಳಿದುಹೋಗಿದ್ದ. ಬಾಗಿಲ ಹೊರಗೇ ನಿಂತು, "ನನ್ ಬಗ್ಗೆ ಏನಾರ ಅಂದ್ಲಾ? ಮನಸಲ್ಲಿದ್ದ ಕ್ವಾಪ ಬುಟ್ಟು ಹೋದ್ಲಾ?" ಎಂದು ಕೇಳಿದ. ಹೌದು ಎನ್ನುವುದು ಸುಲಭವಿತ್ತು. ಅವನ ಕಣ್ಣು ನನ್ನ ಬಾಯನ್ನೇ ನೋಡುತ್ತಿತ್ತು.

"ಇಲ್ಲ" ಎಂದೆ.

ಅವನು ತಲೆ ಆಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದ. ನನ್ನನ್ನು ಮಗಳ ಹಾಗೆ ನೋಡಿಕೊಂಡವಳಿಗೆ ನಾನು ಮಾಡಬೇಕಾಗಿದ್ದುದು ಅದೊಂದೇ ಉಳಿದಿತ್ತು, ಮಾಡಿದೆ.