ಹೆಸರು ಉಳಿಸಿದ ಒಂದು ಸೀಳು

ಬೆಳಗಿನ ಆರು ಗಂಟೆ. ಮ್ಯೂಸಿಯಂನ ಹಿಂಬದಿ ಕೋಣೆಯಲ್ಲಿ ನಲ್ಲಿ ಸಣ್ಣಗೆ ಸುರಿಯುತ್ತಿದೆ. ಗಾಜಿನ ಹಲಗೆಯ ಮೇಲೆ ಒದ್ದೆ ಸಾಣೆಪುಡಿ ಹರಡಿ, ಕಲ್ಲಿನ ಚೂರೊಂದನ್ನು ಬೆರಳ ತುದಿಯಲ್ಲಿ ಒತ್ತಿ ಉಜ್ಜುತ್ತಿದ್ದಾರೆ ಪುಡಿಯಕ್ಕ. ಮೊಣಕೈವರೆಗೂ ಬೂದುಬಣ್ಣ, ಅಡ್ಡಹೆಸರು ಬಂದದ್ದೇ ಹಾಗೆ. ಸೂಕ್ಷ್ಮದರ್ಶಕದಲ್ಲಿ ಕಾಣಲು ಕಲ್ಲಿನೊಳಗಿಂದ ಬೆಳಕು ಹಾಯಬೇಕು, ಅದಕ್ಕೆ ಕಲ್ಲು ತಲೆಗೂದಲಿಗಿಂತ ತೆಳುವಾಗಬೇಕು. ಒಂದು ಸುತ್ತು ಹೆಚ್ಚಾದರೆ ಎಲ್ಲ ನೀರುಪಾಲು.

"ಇದಕ್ಕೆ ಕಣ್ಣಿಗಿಂತ ಕಿವಿ ಬೇಕು. ಕಲ್ಲು ತೆಳುವಾದ ಹಾಗೆ ಸದ್ದು ಸಣ್ಣದಾಗತ್ತೆ. ಅದಕ್ಕೇ ಬೇಗ ಬರೋದು, ಆಮೇಲೆ ಇಲ್ಲಿ ಸಂತೆ," ಎನ್ನುತ್ತಾರೆ.

ಮೊದಲು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವರು. ಅಂಗಡಿ ಮುಚ್ಚಿತು, ಇಲ್ಲಿಗೆ ಬಂದರು. "ಕಲ್ಲು ಅರೆಯೋ ಕೆಲಸ ಅಂದಾಗ ನಮ್ಮತ್ತೆ, 'ಅರೆಯೋ ಕಲ್ಲು ಮನೇಲಿ ಇರ್ಲಿಲ್ವಾ?' ಅಂದ್ರು!" ಮೊದಲ ವರ್ಷವೆಲ್ಲ ಬೆರಳ ಚರ್ಮ ಕಿತ್ತು ಅನ್ನ ಕಲಸುವುದೂ ಕಷ್ಟವಾಗಿತ್ತಂತೆ.

ಕಳೆದ ವರ್ಷ ಅವರ ಕೈಗೆ ಬಂದದ್ದು ಹೆಬ್ಬೆರಳ ಗಾತ್ರದ ಪಳೆಯುಳಿಕೆ. ಬ್ರಯೋಜೋವಾ ಎಂಬ ಕಿರುಜೀವಿಗಳು ಸಮುದ್ರದಡಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿಕೊಂಡಿದ್ದ ವಠಾರ ಅದು. ಮೊದಲು ಹೆಸರಿಟ್ಟ ಪಂಡಿತರು ಇದನ್ನು ಹವಳವೆಂದುಕೊಂಡರು. ಮುಂದಿನವರು ಬ್ರಯೋಜೋವಾ ಗುಂಪಿಗೆ ತಂದರು. ಆಮೇಲೊಬ್ಬರು, ಇದು ಬೇರೆ ಪ್ರಭೇದವೇ ಅಲ್ಲ, ಆಗಲೇ ಹೆಸರಿರುವ ಇನ್ನೊಂದು ಪ್ರಭೇದವೇ ಎಂದು ಹೆಸರನ್ನೇ ಅಳಿಸಹೊರಟರು. ಎಲ್ಲರೂ ನೋಡಿದ್ದು ಮೇಲ್ಮೈಯನ್ನು. ಆ ಜೀವಿಗಳು ವಾಸವಿದ್ದ ಒಳಗಿನ ಕೊಳವೆಗಳು ಕಾಣಬೇಕಾದರೆ ಕಲ್ಲನ್ನು ಉದ್ದಕ್ಕೆ ಸೀಳಿ ತೆಳುವಾಗಿ ಉಜ್ಜಬೇಕು. ಮೊದಲು ಹೆಸರಿಡುವಾಗ ಆಧಾರವಾಗಿದ್ದ ಮೂಲ ಕಲ್ಲುಗಳಲ್ಲಿ ಉಳಿದಿದ್ದುದು ಇದೊಂದೇ. ಇದು ಕೆಟ್ಟರೆ ಹೆಸರೂ ಹೋದಂತೆ.

ಆ ಹೆಸರಿಗಾಗಿ ವರ್ಷಗಟ್ಟಲೆ ವಾದಿಸಿದವರು ಇಲ್ಲಿನ ವಿಜ್ಞಾನಿ ಮೇಡಂ. "ಇವ್ರು ಉಜ್ಜೋದು ನೋಡೋಕೆ ಧೈರ್ಯ ಬರ್ಲಿಲ್ಲ, ಹೊರಗೆ ಹೋಗಿ ನಿಂತೆ," ಎಂದು ಈಗ ನಗುತ್ತಾರೆ. ಒಳಗೆ ಪುಡಿಯಕ್ಕ ಸದ್ದಿಗೆ ಕಿವಿಗೊಟ್ಟು ಉಜ್ಜಿದರು. "ಸದ್ದು ನಿಂತೇಹೋಯ್ತೇನೋ ಅನ್ನಿಸ್ತು. ಕೈ ತೆಗೆದುಬಿಟ್ಟೆ."

ಸೂಕ್ಷ್ಮದರ್ಶಕದಡಿ ಕೊಳವೆ ಕೊಳವೆಯಲ್ಲೂ ಬಾಗಿದ ಅಡ್ಡಗೋಡೆಗಳು! ಆ ಇನ್ನೊಂದು ಪ್ರಭೇದದಲ್ಲಿ ಅವು ಇಲ್ಲವೇ ಇಲ್ಲ. ಮೇಡಂ ಕೂಗಿದ ರಭಸಕ್ಕೆ ಕಾವಲುಗಾರ ಓಡಿಬಂದನಂತೆ. ಈ ತಿಂಗಳು ತಜ್ಞರು ಒಪ್ಪಿದ್ದಾರೆ, ಹಳೆಯ ಹೆಸರೇ ಗಟ್ಟಿ. ಅಳಿಸಹೊರಟಿದ್ದವರೇ ಮೊದಲು ಅಭಿನಂದಿಸಿದರು.

ಮುಂದೆ ಹೊಸ ಪ್ರಭೇದ ಸಿಕ್ಕರೆ ನಿಮ್ಮ ಹೆಸರಿಡಬಹುದಲ್ಲ ಎಂದು ನಾನು ಕೇಳಿದರೆ ಪುಡಿಯಕ್ಕ ಬೇಡವೆಂದು ಕೈ ಅಲ್ಲಾಡಿಸುತ್ತಾರೆ.

"ಅಯ್ಯೋ, ಬಿಡಿ. ಇದು ಸತ್ತು ಎಷ್ಟು ಕೋಟಿ ವರ್ಷ ಆಯ್ತೋ. ಹೆಸರು ಮಾತ್ರ ನನ್ನ ಕೈಯಲ್ಲಿ ಸಾಯ್ಲಿಲ್ಲ. ಅಷ್ಟು ಸಾಕು."