ಕಳ್ಳಿಗೆ ಸಂಬಂಧ ಕುದುರಿಸಿದ ಓಬಳಯ್ಯ

ಕೊಡಿಗೇನಹಳ್ಳಿ ಸುತ್ತಮುತ್ತ ಗಿಡಕ್ಕೆ ಗಿಡ ಕಸಿ ಕಟ್ಟೋದು ಅಂದರೆ ಓಬಳಯ್ಯನೇ. ಮೂವತ್ತು ವರ್ಷ ಮಾವು, ಹುಣಸೆಗೆ ಕಸಿ ಕಟ್ಟಿದ ಕೈ. ಕಟ್ಟುವ ಮುಂಚೆ ಎರಡೂ ಕಡ್ಡಿಗೆ ಅರಿಶಿನ ಬಳಿದು, ನಾಲ್ಕು ಅಕ್ಷತೆ ಎಸೆದು, "ಸಂಸಾರ ಮಾಡ್ಕೊಂಡು ಹೋಗ್ರಪ್ಪ" ಅನ್ನುತ್ತಿದ್ದ. ಗಿಡಗಳೂ ಹೆಂಗೋ ಮಾಡ್ಕೊಂಡು ಹೋಗುತ್ತಿದ್ದವು. ಅಲ್ಲಿಗೇ ಇವನ ತಲೆ ತಿರುಗಿದ್ದು.

ತಿಮ್ಮರಾಯಪ್ಪನ ಹೊಲಕ್ಕೆ ಕಳ್ಳಿ ಬೇಲಿ. ಅದಕ್ಕೆ ಡ್ರ್ಯಾಗನ್ ಹಣ್ಣಿನ ಕಡ್ಡಿ ಕಟ್ಟಿ, ಬೇಲಿ ತುಂಬ ಹಣ್ಣು ಬಿಡಿಸ್ತೀನಿ ಅಂದ ಓಬಳಯ್ಯ. "ಎರಡಕ್ಕೂ ಮೂರು ಏಣು, ಮೈಯೆಲ್ಲ ಮುಳ್ಳು. ಸೋದರಮಾವನ ಮಗಳು, ಸೋದರತ್ತೆ ಮಗ ಇದ್ದಂಗೆ ಕಣಯ್ಯ."

"ಹಿಡಿದ್ರೆ ನನ್ನ ಇನ್ನೂರು ಹುಣಸೆ ಸಸಿಗೂ ನೀನೇ ಕಸಿ ಕಟ್ಟು. ಹಿಡೀಲಿಲ್ವಾ, ಸಿರಾ ಕಡೆಯವನ್ನ ಕರೆಸ್ತೀನಿ," ಅಂದ ತಿಮ್ಮರಾಯಪ್ಪ.

ತಿಂಗಳಲ್ಲಿ ಅಷ್ಟೂ ಕಡ್ಡಿ ಕೊಳೆತು ನೇತಾಡಿದವು. ಓಬಳಯ್ಯನ ತಮ್ಮನ ಮಗಳು ವನಜಾ, ಮಧುಗಿರಿ ಕಾಲೇಜಲ್ಲಿ ಸಸ್ಯಶಾಸ್ತ್ರ ಓದುವವಳು, ಬಂದು ನೋಡಿ ನಕ್ಕಳು.

"ಕಳ್ಳಿ ಕುಯ್ದ್ರೆ ಹಾಲು ಬರ್ತದೆ ದೊಡ್ಡಪ್ಪ, ಡ್ರ್ಯಾಗನ್‌ನಲ್ಲಿ ಬರ್ತದಾ? ಕಳ್ಳಿಗೆ ನೆಂಟ ಹರಳು ಗಿಡ."

"ಅಗಲ ಎಲೆ ಹರಳಾ? ತಲೆ ನೆಟ್ಟಗೈತೇನವ್ವ?"

ವನಜಾ ಕಳ್ಳಿ, ಹರಳು ಎರಡರ ಕಾಯಿಯನ್ನೂ ಒಡೆದು ತೋರಿಸಿದಳು. ಎರಡರಲ್ಲೂ ಮೂರು ಮನೆ, ಮನೆಗೊಂದು ಬೀಜ. "ಹೂ, ಕಾಯಿ ನೋಡ್ಬೇಕು, ಮೈಕಟ್ಟಲ್ಲ. ಡ್ರ್ಯಾಗನ್ನಿನ ತವರು ಅಮೆರಿಕ ಖಂಡ. ಕೆರೆ ಏರಿ ಮೇಲಿನ ಪಾಪಾಸುಕಳ್ಳಿ ಅದರ ನೆಂಟ, ಅದೂ ಅಲ್ಲಿಂದಲೇ ಬಂದಿದ್ದು."

"ಮತ್ತೆ ನಮ್ಮ ಕಳ್ಳಿ, ಡ್ರ್ಯಾಗನ್ನು ಎರಡೂ ಹೆಂಗೆ ಒಂದೇ ಥರ?"

"ಲಕ್ಷಾಂತರ ವರ್ಷ ನೀರಿಲ್ಲದ ಕಡೆ ಬದುಕಿ ಬದುಕಿ, ಅದೂ ಇದೂ ಬೇರೆಬೇರೆಯಾಗೇ ಎಲೆ ಕಳ್ಕೊಂಡು ಮೈ ದಪ್ಪ ಮಾಡ್ಕೊಂಡವು."

"ಪಾವಗಡದಲ್ಲಿ ನಾಲ್ಕು ಬೇಸಿಗೆ ಕಳೆದ್ರೆ ನಾನೂ ಅಂಗೇ ಆಯ್ತೀನಿ ಬುಡು."

ಗುಟ್ಟಾಗಿ ಬೇಲಿಯೊಳಗೆ ಪಾಪಾಸುಕಳ್ಳಿ ಸಿಗಿಸಿ ಅದಕ್ಕೇ ಡ್ರ್ಯಾಗನ್ ಕಡ್ಡಿ ಕಟ್ಟಿಬಿಡೋಣ ಅಂತ ಓಬಳಯ್ಯ ಎರಡು ದಿನ ಲೆಕ್ಕ ಹಾಕಿದ. ಮೂರನೇ ದಿನ ನಾಚಿಕೆಯಾಗಿ, ವನಜಾಳನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ತಿಮ್ಮರಾಯಪ್ಪನ ಮನೆಗೆ ಹೋದ.

"ತಪ್ಪು ಮಾಡ್ಬುಟ್ಟೆ ಕಣಪ್ಪ. ನೆಂಟಸ್ತನವೇ ಇಲ್ಲದ ಮನೆಗೆ ಹೆಣ್ಣು ಕೊಟ್ಬುಟ್ಟೆ."

ಇವನ ಬಾಯಲ್ಲಿ ತಪ್ಪು ಅನ್ನೋ ಮಾತನ್ನು ಹೆಂಡತಿ ಕಾಟಮ್ಮನೂ ಕೇಳಿರಲಿಲ್ಲ. ತಿಮ್ಮರಾಯಪ್ಪ ಮೀಸೆಯೊಳಗೇ ನಕ್ಕ.

"ಹುಣಸೆ ಕೆಲಸ ನಿನಗೇ. ಆದ್ರೆ ನೀನು ಕಟ್ಟೋದಷ್ಟೇ, ಸಂಬಂಧ ನೋಡೋದು ಈ ಮಗು. ಇನ್ಮೇಲೆ ಪರದೇಶಿ ಗಿಡ ನನ್ನ ಹೊಲಕ್ಕೆ ಬೇಡ, ನಮ್ಮ ಮಣ್ಣಿನ ಹುಣಸೆ ಸಾಕು."

ವಾಪಸ್ ಬರುವಾಗ ಓಬಳಯ್ಯ ಕೇಳಿದ: "ಹುಣಸೆ ತವರು ಯಾವೂರವ್ವ?"

"ಆಫ್ರಿಕಾ."

ಮೊಪೆಡ್ ನಿಂತಿತು. ಅವನು ಹಿಂದಕ್ಕೆ ತಿರುಗಿ ಅವಳನ್ನೇ ದಿಟ್ಟಿಸಿದ.

"ಇನ್ನೂರೂ ಕಟ್ಟಿ ಮುಗಿಯೋವರೆಗೂ ಬಾಯಿ ಬಿಡಬ್ಯಾಡ ಕಣಮ್ಮ."